ಒಂದು ಮಾರುಕಟ್ಟೆ, ನಾಲ್ಕು ಮಾಧ್ಯಮ

ಮೈಸೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಗ ಒಂದು ಸೆಮಿಸ್ಟರಿನ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡ ವಿಷಯ ದೇವರಾಜ ಮಾರುಕಟ್ಟೆ. ಅದನ್ನು ಜಲವರ್ಣ, ತೈಲವರ್ಣ, ಎಚಿಂಗ್ (ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಮಸಿ ತುಂಬಿ ಮುದ್ರಿಸುವ ಚಿತ್ರ) ಮತ್ತು ಮಣ್ಣಿನ ಉಬ್ಬುಶಿಲ್ಪ ಎಂಬ ನಾಲ್ಕು ಮಾಧ್ಯಮಗಳಲ್ಲಿ ಮಾಡಿ, ಸೆಮಿಸ್ಟರಿನ ಕೊನೆಗೆ ಒಟ್ಟಾಗಿ ಪ್ರದರ್ಶನಕ್ಕೆ ಇಡಬೇಕಿತ್ತು. 2016ರಲ್ಲಿ ಮಾರುಕಟ್ಟೆಯ ಉತ್ತರ ದಿಕ್ಕಿನ ಒಂದು ಭಾಗ ಕುಸಿದ ಮೇಲೆ, ಕೆಡವಿ ಹೊಸದಾಗಿ ಕಟ್ಟಬೇಕು ಎನ್ನುವವರಿಗೂ ಇದ್ದದ್ದನ್ನೇ ದುರಸ್ತಿ ಮಾಡಿ ಉಳಿಸಿಕೊಳ್ಳಬೇಕು ಎನ್ನುವವರಿಗೂ ವಾದ ನಡೆದೇ ಇತ್ತು. ಆ ಕಮಾನು, ಸಾಲು ಮಳಿಗೆ, ಹೂವಿನ ಓಣಿಗಳು ಇರುವಾಗಲೇ ಅವುಗಳನ್ನು ಕಣ್ಣಾರೆ ನೋಡಿ ಚಿತ್ರಿಸಬೇಕೆಂಬ ಆಸೆ ನನಗಿತ್ತು.

ಇಂಥ ಪ್ರಾಜೆಕ್ಟ್ ಬಂದಾಗ ಪ್ರತಿ ಮಾಧ್ಯಮಕ್ಕೂ ಇಷ್ಟಿಷ್ಟು ವಾರ ಎಂದು ಸಮನಾಗಿ ಹಂಚಿಕೊಳ್ಳುವುದು ನಮ್ಮ ತರಗತಿಯಲ್ಲಿ ರೂಢಿಯಾಗಿತ್ತು. ನನಗೆ ಆ ಲೆಕ್ಕ ಹಿಡಿಸಲಿಲ್ಲ. ನಮ್ಮ ಕೈ ಎಷ್ಟು ಹೊತ್ತು ದುಡಿಯುತ್ತದೆ ಎನ್ನುವುದಕ್ಕಿಂತ, ಕೈ ತೆಗೆದ ಮೇಲೆ ಬಣ್ಣವೋ ಮಣ್ಣೋ ತನ್ನಷ್ಟಕ್ಕೆ ತಾನು ಎಷ್ಟು ದಿನ ತೆಗೆದುಕೊಳ್ಳುತ್ತದೆ ಎನ್ನುವುದು ಹೆಚ್ಚು ಮುಖ್ಯ. ತೈಲವರ್ಣ ನೀರಿನ ಬಣ್ಣದಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮ್ಯಾಂಗನೀಸ್ ಅಂಶವಿರುವ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ತೆಳುವಾಗಿ ಹಚ್ಚಿದರೆ ಒಂದೆರಡು ದಿನಗಳಲ್ಲಿ ಒಣಗುತ್ತದೆ, ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ವಾರ ಕಳೆದರೂ ಬೆರಳಿಗೆ ಅಂಟುತ್ತದೆ. ಮಣ್ಣಿನ ವಿಷಯ ಇನ್ನೂ ಕಟ್ಟುನಿಟ್ಟು: ಒಳಗೆ ತೇವ ಉಳಿದಿದ್ದರೆ ಸುಡುವ ಗೂಡಿನಲ್ಲಿ ಶಾಖ 100 ಡಿಗ್ರಿ ದಾಟುತ್ತಿದ್ದಂತೆ ಅದು ಆವಿಯಾಗಿ ಉಬ್ಬಿ ಕೆಲಸವನ್ನೇ ಒಡೆದುಹಾಕುತ್ತದೆ. ಹಾಗಾಗಿ ಸಲ್ಲಿಸಬೇಕಾದ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಗೂಡಿಗೆ ಇಡುವ ದಿನವನ್ನು ಮೊದಲು ಗೊತ್ತುಮಾಡಿಕೊಂಡೆ. ಶಿಲ್ಪದ ಮಣ್ಣನ್ನು ಎಲ್ಲಕ್ಕಿಂತ ಮೊದಲು ನಾದಿದೆ, ಕ್ಯಾನ್ವಾಸಿನ ಕೆಳಪದರವನ್ನು ಅಂಬರಿನಲ್ಲೇ ತೆಳುವಾಗಿ ಹಾಕಿದೆ, ಅವೆರಡೂ ಒಣಗುವ ಹೊತ್ತನ್ನು ಜಲವರ್ಣಕ್ಕೂ ಎಚಿಂಗ್‌ಗೂ ಬಳಸಿಕೊಂಡೆ.

ಈ ಏರ್ಪಾಡು ಹೇಗೆ ನಡೆಯಿತು ಎಂಬುದನ್ನು ದಸರಾ ರಜೆ ಮುಗಿದ ಮೇಲಿನ ಒಂದು ದಿನದ ಮೂಲಕ ಹೇಳುವುದು ಸುಲಭ. ಅಂದು ನಾಲ್ಕೂ ಕೆಲಸಗಳು ಒಟ್ಟಿಗೆ ಕೈಯಲ್ಲಿದ್ದವು.

ಬೆಳಿಗ್ಗೆ ಬೇಗ ಮಾರುಕಟ್ಟೆಗೆ ಹೋಗಿ ಕುಂಕುಮದ ಅಂಗಡಿಯ ಎದುರು ಕುಳಿತೆ. ಕೆಂಪು, ಹಳದಿ, ಹಸಿರು, ನೇರಳೆ ಪುಡಿಗಳನ್ನು ತಟ್ಟೆಗಳಲ್ಲಿ ಚೂಪು ಗೋಪುರಗಳಾಗಿ ಒಟ್ಟಿದ್ದರು. ರಾತ್ರಿ ಮಳೆಯಾಗಿದ್ದರಿಂದ ಗಾಳಿಯಲ್ಲಿ ತೇವವಿತ್ತು. 300 ಜಿಎಸ್‌ಎಂ ತೂಕದ ದಪ್ಪ ಕಾಗದದ ಮೇಲೆ ಹಚ್ಚಿದ ವಾಶ್, ಅಂದರೆ ನೀರು ಬೆರೆಸಿದ ತೆಳುಬಣ್ಣ, ಬೇಗ ಆರಲಿಲ್ಲ. ಅದು ನನಗೆ ಅನುಕೂಲವೇ ಆಯಿತು, ಏಕೆಂದರೆ ಕೆಂಪಿನ ಅಂಚು ಪಕ್ಕದ ನೆರಳಿನ ನೀಲಿಗೆ ಮೆಲ್ಲಗೆ ಇಳಿದು, ಪುಡಿಯ ಮೃದುತ್ವ ತಾನಾಗಿಯೇ ಬಂತು. ಅಂಗಡಿಯ ತಾತ ನೋಡುತ್ತಲೇ ಇದ್ದು, “ನೀನ್ ಬರ್ದು ಮುಗ್ಸೋ ಹೊತ್ಗೆ ನನ್ ಗುಡ್ಡೆ ಅರ್ಧ ಖಾಲಿಯಾಗಿರುತ್ತೆ ಕಣವ್ವ” ಎಂದರು. ಅವರ ಮಾತು ನಿಜವಿತ್ತು. ಗಿರಾಕಿಗಳು ಬರತೊಡಗಿದಂತೆ ಗೋಪುರಗಳ ತುದಿ ಮುರಿಯಿತು, ತಗಡಿನ ಸಂದಿಯ ಬೆಳಕು ಬೇರೆಡೆಗೆ ಸರಿಯಿತು. ಜಲವರ್ಣದಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಕಂಡದ್ದನ್ನೇ ನಂಬಿ ನಿಲ್ಲಿಸಬೇಕು. ಮತ್ತೆ ಮತ್ತೆ ತಿದ್ದಿದರೆ ಕಾಗದದ ಬಿಳುಪು ಸತ್ತು ಬಣ್ಣ ರಾಡಿಯಾಗುತ್ತದೆ.

ಮಧ್ಯಾಹ್ನ ಎಚಿಂಗ್. ಜಿಂಕ್ ತಗಡಿನ ಮೇಲೆ ಆಸಿಡ್ ತಾಗದಂತೆ ತಡೆಯುವ ಬಿಟುಮೆನ್ (ಡಾಂಬರಿನಂಥದ್ದು) ಮತ್ತು ಮೇಣದ ಲೇಪ ಹಾಕಿ, ಬಾಳೆಮಂಡಿಯ ದೃಶ್ಯವನ್ನು ಸೂಜಿಯಿಂದ ಗೀರಿ ಮುಗಿಸಿದ್ದೆ: ಮುಂದೆ ತೂಗುಬಿಟ್ಟ ಗೊನೆಗಳು, ನಡುವೆ ಗೋಣಿಚೀಲ ಹೊತ್ತ ಆಳು, ಹಿಂದೆ ದೂರದ ಕಮಾನು. ದುರ್ಬಲಗೊಳಿಸಿದ ನೈಟ್ರಿಕ್ ಆಸಿಡ್‌ಗೆ ತಗಡನ್ನು ಇಳಿಸಿದೊಡನೆ ಗೆರೆಗಳ ಉದ್ದಕ್ಕೂ ಸಣ್ಣ ಗುಳ್ಳೆಗಳು ಏಳುತ್ತವೆ; ಅವನ್ನು ಹಕ್ಕಿಗರಿಯಿಂದ ಸವರಿ ತೆಗೆಯುತ್ತಿರದಿದ್ದರೆ ಗೆರೆ ಒಂದೇ ಸಮನಾಗಿ ಕೊರೆಯುವುದಿಲ್ಲ. ಕಮಾನಿನ ಗೆರೆಗಳು ತೆಳುವಾಗಿರಬೇಕಾದ್ದರಿಂದ ತಗಡನ್ನು ಬೇಗ ಹೊರತೆಗೆದು, ತೊಳೆದು, ಒಣಗಿಸಿ, ಆ ಭಾಗಕ್ಕೆ ಮಾತ್ರ ವಾರ್ನಿಷ್ ಬಳಿದು ಮುಚ್ಚಿ, ಮತ್ತೆ ಆಸಿಡ್‌ಗೆ ಬಿಡಬೇಕು. ಹೀಗೆ ಹಂತಹಂತವಾಗಿ ಮುಚ್ಚುತ್ತಾ ಬಂದು ಕೊನೆಗೆ ಗೊನೆಗಳ ಗೆರೆಗಳಷ್ಟೇ ಉಳಿಯುತ್ತವೆ. ಹೆಚ್ಚು ಹೊತ್ತು ಆಸಿಡ್ ಕಂಡ ಅವೇ ಮುದ್ರಣದಲ್ಲಿ ಅಚ್ಚಗಪ್ಪಾಗಿ ಬರುತ್ತವೆ. ನನ್ನ ಪುಸ್ತಕದಲ್ಲಿ ಹಿಂದಿನ ಪರೀಕ್ಷಾ ತಗಡಿನ ನಿಮಿಷಗಳನ್ನು ಬರೆದುಕೊಂಡಿದ್ದೆ. ಅದನ್ನು ನೋಡಿದ ಮೇಷ್ಟ್ರು, “ಇವತ್ತು ತಂಡಿ ಇದೆಯಮ್ಮ, ಆಸಿಡ್ ನಿಧಾನ. ಆವತ್ತಿನ ನಿಮಿಷ ಇವತ್ತಿಗೆ ಆಗಲ್ಲ, ಸೂಜಿ ತುದಿಯಿಂದ ಆಳ ನೋಡ್ಕೊ” ಎಂದರು. ಸೂಜಿಯನ್ನು ಗೆರೆಗೆ ಅಡ್ಡಲಾಗಿ ಎಳೆದಾಗ ಅದು ಎಷ್ಟು ತಡೆಯುತ್ತದೆ ಎಂಬುದರಿಂದ ಆಳ ತಿಳಿಯುತ್ತದೆ. ಅಂದಿನ ಮಧ್ಯಾಹ್ನವೆಲ್ಲ ಆ ಟ್ರೇ ಬಿಟ್ಟು ಕದಲಲಾಗಲಿಲ್ಲ. ಸಂಜೆಯ ಹೊತ್ತಿಗೆ ನೆನೆಸಿದ ಕಾಗದದ ಮೇಲೆ ಮೊದಲ ಪ್ರೂಫ್ (ಪರೀಕ್ಷಾ ಅಚ್ಚು) ತೆಗೆದಾಗ, ಮಾರುಕಟ್ಟೆಯೊಳಗಿನ ಮಬ್ಬು, ಬೇರೆ ಯಾವ ಮಾಧ್ಯಮದಲ್ಲೂ ನನಗೆ ಸಿಕ್ಕಿರದ ಆ ಮಬ್ಬು, ಅಲ್ಲಿ ಕಂಡಿತು. ನಾಲ್ಕರಲ್ಲಿ ನನಗೆ ಅತ್ಯಂತ ಪ್ರಿಯವಾದ ಕೃತಿ ಇಂದಿಗೂ ಅದೇ.

ತೈಲವರ್ಣಕ್ಕೆ ಅಂದು ಹೆಚ್ಚು ಸಮಯ ಬೇಕಿರಲಿಲ್ಲ. ಒಣಗಿದ ಅಂಬರಿನ ಮೇಲೆ ಎಣ್ಣೆ ಸ್ವಲ್ಪ ಹೆಚ್ಚಾಗಿ ಬೆರೆಸಿದ ಒಂದು ತೆಳು ಪದರ ಹಚ್ಚಿ, ಕ್ಯಾನ್ವಾಸನ್ನು ಗೋಡೆಗೆ ಮುಖಮಾಡಿ ಇಟ್ಟೆ. ಮೇಲ್ಪದರದಲ್ಲಿ ಎಣ್ಣೆ ಕಡಿಮೆಯಾದರೆ ಅದು ಕೆಳಗಿನದಕ್ಕಿಂತ ಮೊದಲೇ ಗಟ್ಟಿಯಾಗಿ ಮುಂದೆ ಬಿರುಕು ಬಿಡುತ್ತದೆ.

ಉಳಿದದ್ದು ಮಣ್ಣು. ಪ್ಲಾಸ್ಟಿಕ್ ಹೊದಿಕೆ ತೆಗೆದು ಉಗುರಿನಿಂದ ಒತ್ತಿ ನೋಡಿದಾಗ ಮಣ್ಣು ಚರ್ಮದ ಹದಕ್ಕೆ ಬಂದಿತ್ತು. ಇದಕ್ಕಿಂತ ಹಸಿಯಿದ್ದರೆ ಚಾಕು ಮಣ್ಣನ್ನು ಎಳೆದುಕೊಂಡು ಹೋಗುತ್ತದೆ, ಇದಕ್ಕಿಂತ ಒಣಗಿದರೆ ಅಂಚು ಚಕ್ಕೆಯೇಳುತ್ತದೆ. ಕಮಾನಿನ ಕಲ್ಲಂಚು, ಬಾಗಿಲ ಚೌಕಟ್ಟು, ಮೆಟ್ಟಿಲುಗಳನ್ನು ಅಂದೇ ರಾತ್ರಿ ಕೆತ್ತಿ ಮುಗಿಸಬೇಕಾಗಿತ್ತು. ಹಿಂಭಾಗದ ದಪ್ಪ ಮಣ್ಣನ್ನು ಕೆರೆದು ತೆಗೆದು ಎಲ್ಲೆಡೆ ದಪ್ಪ ಒಂದೇ ಆಗುವಂತೆ ಮಾಡಿದೆ. ಅಂಚುಗಳು ಮೊದಲು ಒಣಗಿ ಮೇಲಕ್ಕೆ ಬಾಗದಿರಲೆಂದು ಅವುಗಳಿಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿದೆ. ಕಮಾನನ್ನು ಅದೆಷ್ಟೋ ಸಲ ಪೆನ್ಸಿಲಿನಲ್ಲಿ ಬರೆದಿದ್ದರೂ, ಅದು ಮೇಲಿನ ಭಾರವನ್ನು ಎರಡು ಬದಿಗಳಿಗೆ ದಾಟಿಸುವುದು ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸುವಾಗಲೇ ನನಗೆ ಮನವರಿಕೆಯಾಯಿತು. ಆ ತಿಳಿವಳಿಕೆಯಿಂದ ಮರುದಿನ ಕ್ಯಾನ್ವಾಸಿನಲ್ಲಿ ಕಂಬಗಳ ಬುಡದ ನೆರಳನ್ನು ಇನ್ನಷ್ಟು ಗಾಢಗೊಳಿಸಿದೆ.

ಉಬ್ಬುಶಿಲ್ಪ ಪೂರ್ತಿ ಒಣಗಿದ ಮೇಲೆ ಗೂಡಿಗೆ ಹೋಯಿತು. 573 ಡಿಗ್ರಿಯ ಹೊತ್ತಿಗೆ ಮಣ್ಣಿನಲ್ಲಿರುವ ಕ್ವಾರ್ಟ್ಸ್ ಕಣಗಳು ಒಮ್ಮೆಗೇ ಹಿಗ್ಗುವುದರಿಂದ ಅಲ್ಲಿ ಶಾಖವನ್ನು ನಿಧಾನವಾಗಿಯೇ ಏರಿಸಬೇಕು, ಇಳಿಯುವಾಗಲೂ ಗೂಡಿನ ಬಾಗಿಲನ್ನು ಅವಸರದಿಂದ ತೆಗೆಯಬಾರದು. ಅದಕ್ಕೂ ನನ್ನ ಪಟ್ಟಿಯಲ್ಲಿ ಜಾಗವಿತ್ತು. ಕಮಾನು ಕೆಂಪಾಗಿ, ಬಿರುಕಿಲ್ಲದೆ ಹೊರಬಂತು.

ಪ್ರದರ್ಶನದ ದಿನ ಪರೀಕ್ಷಕರು ತೈಲಚಿತ್ರದ ಮುಂದೆ ನಿಂತು, ಇದಕ್ಕೇಕೆ ವಾರ್ನಿಷ್ ಹಾಕಿಲ್ಲ ಎಂದು ಕೇಳಿದರು. ಬಣ್ಣ ಒಳಗಿನವರೆಗೆ ಗಟ್ಟಿಯಾಗಲು ಆರು ತಿಂಗಳಾದರೂ ಬೇಕು, ಆಮೇಲೆ ಹಾಕುತ್ತೇನೆ ಎಂದೆ. ಅವರು ತಲೆಯಾಡಿಸಿ ಗುರುತು ಮಾಡಿಕೊಂಡರು. ವಾರ್ನಿಷ್ ಮುಂದಿನ ಸೆಮಿಸ್ಟರಿನ ಪಟ್ಟಿಗೆ ಸೇರಿತು.