ಆ 86 ಅಂಕ ಎಲ್ಲಿಂದ ಬಂತು?

ನಾನು ವಿಸ್ಕಿಗಳ ರುಚಿ ನೋಡಿ ಅಂಕ ಹಾಕಿ ಬರೆದಿಡುತ್ತೇನೆ ಎಂದು ತಿಳಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ಒಂದಕ್ಕೆ 84, ಇನ್ನೊಂದಕ್ಕೆ 86 ಎಂದು ಬರೆಯುತ್ತೀರಲ್ಲ, ಆ ಎರಡು ಅಂಕದ ವ್ಯತ್ಯಾಸ ನಿಜಕ್ಕೂ ನಾಲಿಗೆಗೆ ತಿಳಿಯುತ್ತದೆಯೇ?" ಕಚೇರಿಯ ಗೆಳೆಯರು ಕೇಳಿದ್ದಾರೆ, ಮದುವೆಮನೆಯ ಪಡಸಾಲೆಯಲ್ಲಿ ನಮ್ಮ ಭಾವ ಕೇಳಿದ್ದಾರೆ, ಮದ್ಯವನ್ನೇ ಮುಟ್ಟದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರೂ ಕೇಳಿದ್ದಾರೆ. ಅಂಕ ಹಾಕುವ ಕೆಲಸ ಮೇಷ್ಟ್ರಿಗೆ ಗೊತ್ತಿದ್ದದ್ದೇ ಆದ್ದರಿಂದ ಅವರ ಕುತೂಹಲ ಎಲ್ಲರಿಗಿಂತ ಹೆಚ್ಚು.

ತಿಳಿಯುತ್ತದೆ. ಆದರೆ ಎರಡೂ ಗ್ಲಾಸುಗಳು ಒಂದೇ ಹೊತ್ತಿನಲ್ಲಿ ಪಕ್ಕಪಕ್ಕ ಇದ್ದರೆ ಮಾತ್ರ. ಈ ವಾರ ಒಂದನ್ನು, ಮುಂದಿನ ತಿಂಗಳು ಇನ್ನೊಂದನ್ನು ಕುಡಿದು ಅಂಕ ಹಾಕಿದರೆ ಅವೆರಡನ್ನೂ ಹೋಲಿಸುವುದಕ್ಕೆ ಬರುವುದಿಲ್ಲ. ನನ್ನ ಪಟ್ಟಿಯಲ್ಲಿರುವ ಪ್ರತಿ ಅಂಕವೂ ಪಕ್ಕದ ಗ್ಲಾಸಿನಿಂದ ಬಂದದ್ದು.

ನೂರು ಅಂಕದ ಈ ಪದ್ಧತಿ ವೈನ್ ಲೋಕದಿಂದ ಬಂದು ಸೇರಿಕೊಂಡದ್ದು. ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಅದನ್ನು ಜನಪ್ರಿಯಗೊಳಿಸಿದರು. ಅವರ ಲೆಕ್ಕದಲ್ಲಿ ಯಾವ ವೈನಿಗಾದರೂ ಆರಂಭದಲ್ಲೇ 50 ಅಂಕ ಖಚಿತ. ವಿಸ್ಕಿಯಲ್ಲಿ ಹೆಸರುವಾಸಿಯಾದ ಜಿಮ್ ಮರ್ರೆ ಪರಿಮಳಕ್ಕೆ 25, ರುಚಿಗೆ 25, ನುಂಗಿದ ಮೇಲೆ ಉಳಿಯುವ ಸ್ವಾದಕ್ಕೆ 25, ಇವೆಲ್ಲದರ ಹೊಂದಾಣಿಕೆಗೆ 25 ಎಂದು ಹಂಚುತ್ತಾರೆ. ಕಾಗದದ ಮೇಲೆ ನೂರು ಎಂದಿದ್ದರೂ ಬಳಕೆಯಲ್ಲಿ ಬಹುಪಾಲು ಅಂಕಗಳು 75ರಿಂದ 95ರೊಳಗೆ ಗುಂಪುಗೂಡುತ್ತವೆ. ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಒಂದೊಂದು ಅಂಕಕ್ಕೂ ಬೆಲೆ ಬರಬೇಕಾದರೆ ಕದಲದ ಒಂದು ಗುರುತು ಬೇಕು.

ನನ್ನ ಗುರುತು ಬೆಂಗಳೂರಿನ ಅಮೃತ್ ಕಂಪನಿಯ ವಿಸ್ಕಿ, ಅಮೃತ್ ಫ್ಯೂಷನ್. ಅದಕ್ಕೆ 87 ಎಂದು ಗೊತ್ತುಮಾಡಿಕೊಂಡಿದ್ದೇನೆ, ಆ ಸಂಖ್ಯೆಯನ್ನು ಬದಲಿಸುವುದಿಲ್ಲ. 87ರ ಬದಲು 60 ಎಂದು ಇಟ್ಟುಕೊಂಡರಾಗದೇ ಎಂದು ಮೇಷ್ಟ್ರು ಕೇಳಿದ್ದುಂಟು. ರುಚಿ ನೋಡಲು ಕೂತಾಗಲೆಲ್ಲ ಮೂರು ಗ್ಲಾಸುಗಳಲ್ಲಿ ಒಂದು ಅದೇ. ಉಳಿದೆರಡು ಅದಕ್ಕಿಂತ ಮೇಲೋ ಕೆಳಗೋ, ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬುದಷ್ಟೇ ನಾನು ತೀರ್ಮಾನಿಸಬೇಕಾದ ವಿಷಯ. ಇದೇ ಫ್ಯೂಷನ್‌ಗೆ ಮರ್ರೆ ತಮ್ಮ ವಿಸ್ಕಿ ಬೈಬಲ್ ಎಂಬ ಕೈಪಿಡಿಯ 2010ರ ಆವೃತ್ತಿಯಲ್ಲಿ 97 ಕೊಟ್ಟು, ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದಿದ್ದರು. ಹಾಗಾದರೆ ನೀವು ಹತ್ತು ಅಂಕ ಕಡಿಮೆ ಕೊಟ್ಟದ್ದೇಕೆ ಎಂದು ಭಾವ ಪಟ್ಟು ಹಿಡಿದು ಕೇಳುತ್ತಾರೆ. ಕಡಿಮೆ ಕೊಟ್ಟಿಲ್ಲ, ಅವರ 97 ಅವರು ಕುಡಿದ ಸಾವಿರಾರು ವಿಸ್ಕಿಗಳ ನಡುವೆ ನಿಂತ ಸಂಖ್ಯೆ, ನನ್ನ 87 ನನ್ನ ಬೀರುವಿನಲ್ಲಿರುವ ಬಾಟಲಿಗಳ ನಡುವೆ ನಿಂತದ್ದು.

ಫ್ಯೂಷನ್ ಅನ್ನೇ ಆರಿಸಿಕೊಳ್ಳಲು ಕಾರಣಗಳಿವೆ. ಬೆಂಗಳೂರಿನಲ್ಲಿ ಸಿಗುತ್ತದೆ, ಒಂದು ಮುಗಿದರೆ ಇನ್ನೊಂದು ತರಬಹುದು. ಅದಕ್ಕಿಂತ ಮುಖ್ಯವಾಗಿ, ಅದರ ರುಚಿ ನಡುದಾರಿಯಲ್ಲಿದೆ. ಅದರಲ್ಲಿ ನಾಲ್ಕನೇ ಮೂರು ಪಾಲು ಹೊಗೆ ಸೋಕದ ಭಾರತೀಯ ಬಾರ್ಲಿಯದು, ಒಂದು ಪಾಲು ಪೀಟ್ ಹೊಗೆ ತಾಗಿಸಿದ ಸ್ಕಾಟ್ಲೆಂಡ್ ಬಾರ್ಲಿಯದು. ಪೀಟ್ ಎಂದರೆ ಜೌಗು ನೆಲದಲ್ಲಿ ಸಸ್ಯಗಳು ಶತಮಾನಗಳ ಕಾಲ ಕೊಳೆತು ಕೂಡಿಕೊಂಡ ಉರುವಲು. ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸುತ್ತಾರೆ. ಎರಡನ್ನೂ ಬೆಂಗಳೂರಿನಲ್ಲೇ ಬೇರೆಬೇರೆ ಬಟ್ಟಿ ಇಳಿಸಿ, ಪೀಪಾಯಿಗಳಲ್ಲಿ ಮಾಗಿಸಿ, ಆಮೇಲೆ ಕೂಡಿಸುತ್ತಾರೆ. ಹಾಗಾಗಿ ಹೊಗೆಯಿಲ್ಲದ ವಿಸ್ಕಿಯ ಪಕ್ಕದಲ್ಲೂ, ಹೊಗೆ ದಟ್ಟವಾದ ವಿಸ್ಕಿಯ ಪಕ್ಕದಲ್ಲೂ ಇದನ್ನು ಇಟ್ಟು ನೋಡಬಹುದು.

ಈ ಗ್ಲಾಸಿನ ಇನ್ನೊಂದು ಉಪಯೋಗ, ಅದು ನನ್ನ ಮೂಗಿನ ಸ್ಥಿತಿಯನ್ನು ಹೇಳುತ್ತದೆ. ಶೀತವಾಗಿರಬಹುದು, ಅಡುಗೆಮನೆಯ ಒಗ್ಗರಣೆಯ ಘಾಟು ಇನ್ನೂ ಮೂಗಿನಲ್ಲಿರಬಹುದು, ಬರಿದೇ ದಣಿವಾಗಿರಬಹುದು. ನನಗೆ ಚೆನ್ನಾಗಿ ಪರಿಚಯವಿರುವ ಫ್ಯೂಷನ್ ಆ ದಿನ ಸಪ್ಪೆಯೆನಿಸಿತೆಂದರೆ ಕೆಟ್ಟಿರುವುದು ವಿಸ್ಕಿಯಲ್ಲ. ನೋಟ್‌ಬುಕ್ ಮುಚ್ಚಿ ಎದ್ದುಬಿಡುತ್ತೇನೆ. ಗುರುತಿನ ಗ್ಲಾಸು ಇಲ್ಲದಿದ್ದರೆ ಆ ದಿನ ಎದುರಿಗಿದ್ದ ಹೊಸ ವಿಸ್ಕಿ ಮಾಡದ ತಪ್ಪಿಗೆ ಅಂಕ ಕಳೆದುಕೊಳ್ಳುತ್ತಿತ್ತು.

ಯಾವ ಗ್ಲಾಸಿನಲ್ಲಿ ಯಾವುದಿದೆ ಎಂಬುದು ನನಗೆ ಗೊತ್ತಿರುವುದಿಲ್ಲ. ನನ್ನ ತಮ್ಮ ಅಡುಗೆಮನೆಯಲ್ಲಿ ಸುರಿದು, ತಳಕ್ಕೆ ಬಣ್ಣದ ಚೀಟಿ ಅಂಟಿಸಿ ತಂದಿಡುತ್ತಾನೆ. ಒಂದೊಂದರಲ್ಲೂ 15 ಮಿಲಿಲೀಟರ್. ಮೂರೂ ಸೇರಿದರೆ 60 ಮಿಲಿಯ ಒಂದು ದೊಡ್ಡ ಪೆಗ್ಗಿಗಿಂತ ಕಡಿಮೆ. ಅಷ್ಟಕ್ಕೇ ನಿಲ್ಲಿಸುತ್ತೇನೆ, ಏಕೆಂದರೆ ನಾಲ್ಕನೆಯದಕ್ಕೆ ಕೊಡುವ ಅಂಕದಲ್ಲಿ ಅಮಲಿನ ಪಾಲು ಸೇರಿಕೊಳ್ಳುತ್ತದೆ. ಹೆಸರು ಮುಚ್ಚಿ ನೋಡುವುದನ್ನು ಅಮೃತ್‌ನವರೇ ಮಾಡಿದ್ದರು. ಭಾರತದ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಮಾಲ್ಟ್ ಅಂದರೆ ಮೊಳಕೆ ಬಂದ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿ) ಎಂದು ಮೊದಲೇ ಹೇಳಿದರೆ ಯಾರೂ ಸರಿಯಾಗಿ ರುಚಿ ನೋಡಲಾರರು ಎಂದು ತಿಳಿದು, ಬ್ರಿಟನ್ನಿನಲ್ಲಿ ಹೆಸರು ಹೇಳದೆ ಜನರಿಗೆ ಕುಡಿಸಿ ನೋಡಿದರು. 2004ರ ಆಗಸ್ಟಿನಲ್ಲಿ ಗ್ಲಾಸ್ಗೋದಲ್ಲಿ, ಅಂದರೆ ಸ್ಕಾಚ್‌ನ ತವರಿನಲ್ಲೇ, ಅದನ್ನು ಬಿಡುಗಡೆ ಮಾಡಿದರು. ಬೆಂಗಳೂರಿನವರಿಗೆ ಬೆಂಗಳೂರಿನ ಮಾಲ್ಟ್ ಸಿಕ್ಕಿದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಆ ಧೈರ್ಯವನ್ನು ನೆನೆದರೆ ನನಗೆ ಇವತ್ತಿಗೂ ಹೆಮ್ಮೆಯೆನಿಸುತ್ತದೆ. ಹೆಮ್ಮೆ ಅಂಕಕ್ಕೆ ನುಸುಳಬಾರದೆಂದೇ ಆ ಬಣ್ಣದ ಚೀಟಿಗಳು.

ಗ್ಲಾಸಿನೊಳಗೆ ನಡೆಯುವುದು ಏನು? ಫ್ಯೂಷನ್ ಅನ್ನೇ ತೆಗೆದುಕೊಳ್ಳಿ. ಕೆಳಗೆ ಅಗಲ, ಬಾಯಿ ಕಿರಿದು ಇರುವ ಗ್ಲೆನ್‌ಕೇರ್ನ್ ಗ್ಲಾಸಿಗೆ ಸುರಿದ ಕೂಡಲೇ ಮೂಗಿಟ್ಟರೆ ಶೇ 50ರ ಮದ್ಯಸಾರ ಚುರುಕ್ಕೆನ್ನುತ್ತದೆ, ಬೇರೆ ಏನೂ ತಿಳಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು, ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿದರೆ ಮೊದಲು ಬರುವುದು ಮಾಗಿದ ಬಾಳೆಹಣ್ಣು. ಅದು ಹುದುಗುವಾಗ ಹುಟ್ಟುವ ಐಸೊಅಮೈಲ್ ಅಸಿಟೇಟ್ ಎಂಬ ರಾಸಾಯನಿಕ; ಬಾಳೆಹಣ್ಣಿನಲ್ಲಿರುವುದೂ ಅದೇ. ಅದರ ಹಿಂದೆ ಒಣಕೊಬ್ಬರಿ ಮತ್ತು ವೆನಿಲ್ಲಾ: ಪೀಪಾಯಿಯ ಅಮೆರಿಕದ ಓಕ್ ಮರದಲ್ಲಿರುವ ಲ್ಯಾಕ್ಟೋನ್ ಎಂಬ ಅಂಶಗಳು ಕೊಬ್ಬರಿಯನ್ನು ಕೊಡುತ್ತವೆ, ಸುಟ್ಟ ಮರದ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ಒಡೆದು ವೆನಿಲ್ಲಾ ಪರಿಮಳದ ವೆನಿಲಿನ್ ಆಗುತ್ತದೆ. ಹೊಗೆ ಇನ್ನೂ ದೂರದಲ್ಲಿರುತ್ತದೆ. ಈಗ ಅರ್ಧ ಚಮಚ ನೀರು ಹಾಕಬೇಕು. ಹೊಗೆ ಮುಂದಕ್ಕೆ ಬರುತ್ತದೆ, ಊರಿನ ಮನೆಯ ಬಚ್ಚಲೊಲೆಗೆ ಬೆಳಗಿನ ಜಾವ ಸೌದೆ ಒಟ್ಟಿದಾಗಿನ ಹೊಗೆಯ ಹಾಗೆ. ಇದು ಭ್ರಮೆಯಲ್ಲ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ಇದನ್ನೇ ತೋರಿಸಿದರು: ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಅಣುಗಳನ್ನು ಹೆಚ್ಚಿನ ಮದ್ಯಸಾರ ಸುತ್ತುವರಿದು ಒಳಗೇ ಇಟ್ಟುಕೊಳ್ಳುತ್ತದೆ, ಪ್ರಮಾಣ ಶೇ 45ರ ಆಸುಪಾಸಿಗೆ ಇಳಿದಾಗ ಅವು ಮೇಲ್ಮೈಗೆ ಬರುತ್ತವೆ. ವಿಸ್ಕಿಗಳನ್ನು ಬೆರೆಸಿ ಹದ ಮಾಡುವ ಕಸುಬಿನ ಬ್ಲೆಂಡರುಗಳು ಮೂಸುವ ಮೊದಲು ಶೇ 20ಕ್ಕೇ ಇಳಿಸಿಕೊಳ್ಳುತ್ತಾರೆ, ಕುಡಿಯುವುದಂತೂ ಅಪರೂಪ. ನೀರು ಬೆರೆಸಿದರೆ ವಿಸ್ಕಿಗೆ ಅವಮಾನ ಎನ್ನುವವರು ಈ ಮಾತನ್ನು ದಯವಿಟ್ಟು ಗಮನಿಸಬೇಕು. ಐಸ್ ಮಾತ್ರ ಬೇಡ. ಪರಿಮಳ ಏಳುವುದಕ್ಕೆ ಬೆಚ್ಚಗಿರಬೇಕು.

ಅಂಕ ಹಾಕುವುದು ಇಷ್ಟೆಲ್ಲ ಆದ ಮೇಲೆ, ಅರ್ಧ ಗಂಟೆ ಕಳೆದು. ಮೊದಲ ಗುಟುಕಿಗೇ ಮರುಳು ಮಾಡಿ, ಇಪ್ಪತ್ತು ನಿಮಿಷಕ್ಕೆ ಬರೀ ಸಿಹಿಯಾಗಿ ಉಳಿಯುವ ವಿಸ್ಕಿಗಳು ಬಹಳ ಇವೆ. ಅಂಗಡಿಯಲ್ಲಿ ಗುಟುಕು ನೋಡಿ ಕೊಂಡವರು ಮೋಸಹೋಗುವುದು ಇಲ್ಲಿಯೇ.

ಬಣ್ಣಕ್ಕೆ ನಾನು ಅಂಕ ಕೊಡುವುದಿಲ್ಲ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನೇ ಅವಕಾಶ ಕೊಟ್ಟಿದೆ, ಆದ್ದರಿಂದ ಗಾಢ ಬಣ್ಣ ಏನನ್ನೂ ಸಾಬೀತು ಮಾಡುವುದಿಲ್ಲ. ವಯಸ್ಸಿಗೂ ಕೊಡುವುದಿಲ್ಲ, ಇದಕ್ಕೆ ಬೆಂಗಳೂರೇ ಕಾರಣ ಹೇಳುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗುತ್ತದೆ. ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದು ಶೇ 10ರಿಂದ 12. ನಮ್ಮ ಬಿಸಿಲಿನಲ್ಲಿ ಮರ ಮತ್ತು ಮದ್ಯ ಬೇಗ ಬೆರೆಯುತ್ತವೆ, ನಾಲ್ಕೈದು ವರ್ಷಕ್ಕೇ ವಿಸ್ಕಿ ಹದಕ್ಕೆ ಬರುತ್ತದೆ, ಹೆಚ್ಚು ಕಾದರೆ ಪೀಪಾಯಿಯೇ ಬರಿದಾಗುತ್ತದೆ. 2013ರಲ್ಲಿ ಅಮೃತ್ 8 ವರ್ಷ ಮಾಗಿದ ವಿಸ್ಕಿಯನ್ನು ತಂದಾಗ ಅದಕ್ಕೆ ಗ್ರೀಡಿ ಏಂಜಲ್ಸ್, ಅಂದರೆ ದುರಾಸೆಯ ದೇವತೆಗಳು, ಎಂದು ಹೆಸರಿಟ್ಟರು, ಬಹುಪಾಲನ್ನು ದೇವತೆಗಳೇ ಕುಡಿದುಬಿಟ್ಟಿದ್ದರು. ಇಂಥ ಊರಿನ ಐದು ವರ್ಷವನ್ನೂ ಸ್ಕಾಟ್ಲೆಂಡಿನ ಹನ್ನೆರಡು ವರ್ಷವನ್ನೂ ಸಂಖ್ಯೆ ನೋಡಿ ತೂಗುವುದು ಸರಿಯಲ್ಲ.

"ನಾವು ಬಾರಿನಲ್ಲಿ ತೆಗೆದುಕೊಳ್ಳುವ ಕ್ವಾರ್ಟರ್‌ಗೆ ಎಷ್ಟು ಅಂಕ?" ಎಂದೂ ಕೇಳುತ್ತಾರೆ. ಅದನ್ನು ಈ ಪಟ್ಟಿಗೆ ಸೇರಿಸುವುದಿಲ್ಲ. ಕಡಿಮೆ ಬೆಲೆಯ ನಮ್ಮ ವಿಸ್ಕಿಗಳಲ್ಲಿ ಹೆಚ್ಚಿನವು ಕಾಕಂಬಿಯಿಂದ ತೆಗೆದ ಮದ್ಯಸಾರಕ್ಕೆ ಅಷ್ಟಿಷ್ಟು ಮಾಲ್ಟ್ ಬೆರೆಸಿ ಮಾಡಿದವು. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಧಾನ್ಯದಿಂದ ಆಗದ್ದನ್ನು ವಿಸ್ಕಿ ಎಂದು ಮಾರುವಂತಿಲ್ಲ. ಅವುಗಳನ್ನು ಸೋಡಾ ಬೆರೆಸಿ ಕುಡಿಯಲೆಂದೇ ಮಾಡಿರುತ್ತಾರೆ, ಸೋಡಾದ ಜೊತೆಗೆ ಅವು ತಮ್ಮ ಕೆಲಸ ಮಾಡುತ್ತವೆ. ಅವುಗಳಿಗೆ ಅಂಕ ಹಾಕಬೇಕೆಂದರೆ ಅವುಗಳದೇ ಸಾಲಿನಲ್ಲಿ ಒಂದನ್ನು ಗುರುತಾಗಿ ಇಟ್ಟುಕೊಂಡು ಹಾಕಬೇಕು.

ತಾವೂ ಶುರು ಮಾಡಬೇಕೆನ್ನುವವರಿಗೆ ನಾನು ಹೇಳುವ ಜೋಡಿ ಅಮೃತ್ ಸಿಂಗಲ್ ಮಾಲ್ಟ್ ಮತ್ತು ಅಮೃತ್ ಪೀಟೆಡ್. ಒಂದೇ ಡಿಸ್ಟಿಲರಿ, ಎರಡೂ ಶೇ 46, ಎದ್ದು ಕಾಣುವ ವ್ಯತ್ಯಾಸ ಹೊಗೆಯೊಂದೇ. ಒಬ್ಬರೇ ಎರಡು ಬಾಟಲಿ ಕೊಳ್ಳುವುದು ಭಾರವಾದರೆ ಗೆಳೆಯನೊಬ್ಬ ಒಂದನ್ನು ಕೊಂಡು ಸಣ್ಣ ಶೀಶೆಗಳಲ್ಲಿ ಹಂಚಿಕೊಳ್ಳಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು, ಮೊದಲ ದಿನ ಅಂಕ ಹಾಕದೆ, ಯಾವುದು ಯಾವುದೆಂದು ಕಣ್ಣುಮುಚ್ಚಿ ಹೇಳಲು ಬರುತ್ತದೆಯೇ ನೋಡಿ. ಬಂದರೆ ಇಷ್ಟವಾದದ್ದಕ್ಕೆ ನಿಮಗೆ ತೋಚಿದ ಒಂದು ಸಂಖ್ಯೆ ಕೊಟ್ಟು ಅದನ್ನೇ ಗುರುತಾಗಿ ಇಟ್ಟುಕೊಳ್ಳಿ. ಮೇಷ್ಟ್ರು ಕೇಳಿದ ಹಾಗೆ ಅದು 60 ಆದರೂ ಅಡ್ಡಿಯಿಲ್ಲ.