ಸಮ ಸಾಲು ನಿನಗೆ, ಬೆಸ ಸಾಲು ನನಗೆ

ಕ್ವೇಕ್ 2 ಆಟ ಶುರುವಾದ ಕೂಡಲೇ ಅದರೊಳಗಿನ ಗೋಡೆಯ ತುಂಬಾ ನೇರಳೆ ಚುಕ್ಕಿಗಳು. ಮೊದಲು ಅನುಮಾನ ಬಂದಿದ್ದು ಮಾನಿಟರ್ ಮೇಲೆ. ಕುರ್ಚಿ ಎಳೆದುಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಒಂದು ಸಾಲಿನಲ್ಲಿ ಚುಕ್ಕಿ, ಅದರ ಕೆಳಗಿನ ಸಾಲು ಚೊಕ್ಕ. ಮತ್ತೆ ಚುಕ್ಕಿ, ಮತ್ತೆ ಚೊಕ್ಕ. ಮೇಲಿನಿಂದ ಕೆಳತನಕ ಹೀಗೇ.

ನಗು ಬಂತು. ಪಾಪ, ಮಾನಿಟರ್‌ದೇನೂ ತಪ್ಪಿಲ್ಲ. ಚಿತ್ರ ಬಿಡಿಸುವ ಎರಡು ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಸರಿಯಾಗಿದೆ.

ನನ್ನ ಹತ್ತಿರ ಹಳೇ ಆಟಗಳಿಗೆ ಅಂತಲೇ ಒಂದು ವಿಂಡೋಸ್ 98 ಮಷಿನ್ ಇದೆ. ಅದರಲ್ಲಿ 12 ಎಂಬಿಯ ಎರಡು ವೂಡೂ 2 ಕಾರ್ಡ್‌ಗಳು. 1998ರಲ್ಲಿ ತ್ರೀಡಿಎಫ್ಎಕ್ಸ್ ಕಂಪನಿ ಈ ಚಿಪ್‌ಗಳನ್ನು ತಂದಾಗ ಜೊತೆಗೆ ಒಂದು ಚಮತ್ಕಾರವನ್ನೂ ಕೊಟ್ಟಿತ್ತು. ಎರಡು ಕಾರ್ಡ್ ಹಾಕಿ, ಮಧ್ಯೆ ಒಂದು ಚಪ್ಪಟೆ ಕೇಬಲ್ ಸಿಕ್ಕಿಸಿದರೆ ಅವು ಒಂದೇ ಕಾರ್ಡಿನಂತೆ ಕೆಲಸ ಮಾಡುತ್ತವೆ. ಹೆಸರು ಸ್ಕ್ಯಾನ್ ಲೈನ್ ಇಂಟರ್‌ಲೀವ್, ಚಿಕ್ಕದಾಗಿ ಎಸ್‌ಎಲ್‌ಐ. ಸ್ಕ್ರೀನಿನ ಸಮ ಸಾಲುಗಳನ್ನು ಒಂದು ಕಾರ್ಡ್ ಬಿಡಿಸುತ್ತದೆ, ಬೆಸ ಸಾಲುಗಳನ್ನು ಇನ್ನೊಂದು. ಇಬ್ಬರು ಸಾಲು ಬಿಟ್ಟು ಸಾಲು ಕಳೆ ಕಿತ್ತ ಹಾಗೆ. ಒಬ್ಬ ಸೋಮಾರಿಯಾದರೆ ಯಾವ ಸಾಲು ಯಾರದು ಅಂತ ದೂರದಿಂದಲೇ ಗೊತ್ತಾಗುತ್ತದೆ, ನನ್ನ ಗೋಡೆಯಲ್ಲಿ ಆದ ಹಾಗೆ.

ಒಂದೇ ವೂಡೂ 2 ಇದ್ದರೆ 800x600 ಪಿಕ್ಸೆಲ್‌ಗಿಂತ ಮೇಲೆ ಆಡುವ ಹಾಗಿಲ್ಲ. ಚಿತ್ರ ಇಟ್ಟುಕೊಳ್ಳಲು ಅದಕ್ಕಿರುವುದು 4 ಎಂಬಿ ಜಾಗ ಅಷ್ಟೇ. ಎರಡು ಸೇರಿದರೆ ಅರ್ಧರ್ಧ ಸಾಲು ಹಂಚಿಕೊಳ್ಳುವುದರಿಂದ 1024x768 ಸಿಗುತ್ತದೆ. ಆದರೆ ಉಳಿದ 8 ಎಂಬಿ ಟೆಕ್ಸ್‌ಚರ್ ಮೆಮೊರಿ, ಅಂದರೆ ಗೋಡೆ ನೆಲಗಳಿಗೆ ಅಂಟಿಸುವ ಚಿತ್ರಗಳ ಜಾಗ, ಎರಡರಷ್ಟಾಗುವುದಿಲ್ಲ. ಗೋಡೆಯ ಸಮ ಸಾಲು ಬಿಡಿಸುವವನಿಗೂ ಬೆಸ ಸಾಲು ಬಿಡಿಸುವವನಿಗೂ ಬೇಕಾಗಿರುವುದು ಅದೇ ಗೋಡೆಯ ಚಿತ್ರ ಅಲ್ವಾ? ಹಾಗಾಗಿ ಎರಡೂ ಕಡೆ ಅದೇ ನಕಲು. ಎರಡನೇ ಕಾರ್ಡಿನ ಆ 8 ಎಂಬಿ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇಷ್ಟಾದರೂ ಈ ಜೋಡಿ ಆ ಕಾಲಕ್ಕೆ ದೊಡ್ಡ ಗತ್ತಿನದು. ಅದೇ ವರ್ಷ ಆಮೇಲೆ ಬಂದ ಎನ್‌ವಿಡಿಯಾ ಕಂಪನಿಯ ರಿವಾ ಟಿಎನ್‌ಟಿ ಚಿಪ್ 32 ಬಿಟ್ ಬಣ್ಣ ಕೊಡುತ್ತಿತ್ತು, ವೂಡೂ 2 ಮಾತ್ರ 16ರಲ್ಲೇ ನಿಂತಿತ್ತು. ಆದರೂ ಗ್ಲೈಡ್‌ಗೆ, ಅಂದರೆ ವೂಡೂ ಕಾರ್ಡ್‌ಗಳಿಗೆ ಅಪ್ಪಣೆ ಕೊಡಲು ತ್ರೀಡಿಎಫ್ಎಕ್ಸ್ ಮಾಡಿದ್ದ ತಂತ್ರಾಂಶಕ್ಕೆ, ಅಂತ ಬರೆದ ಆಟಗಳಲ್ಲಿ ಓಟಕ್ಕೆ ಬಿಟ್ಟರೆ ಹಳೇ ಜೋಡಿಯೇ ಮುಂದೆ.

ಸರಿ, ಕೆಟ್ಟಿದ್ದು ಯಾವ ಕಾರ್ಡ್? ಕೇಬಲ್ ಕಿತ್ತು ಒಂದೊಂದನ್ನೇ ಓಡಿಸಿದೆ. ಮೊದಲನೆಯದು ಚೊಕ್ಕ. ಎರಡನೆಯದರಲ್ಲಿ ಚುಕ್ಕಿ ಇಡೀ ಗೋಡೆಗೆ ಹರಡಿತು, ಈಗ ಸಾಲು ಬಿಡುವ ಮರ್ಯಾದೆಯೂ ಇಲ್ಲ. ವೂಡೂ 2ರಲ್ಲಿ ಮೂರು ಚಿಪ್: ಚಿತ್ರ ಜೋಡಿಸುವುದು ಒಂದು, ಟೆಕ್ಸ್‌ಚರ್ ನೋಡಿಕೊಳ್ಳುವುದು ಎರಡು. ಮೂರಕ್ಕೂ ಸುತ್ತ ಕೂದಲಿನಂಥ ಕಾಲುಗಳು. ಭೂತಗನ್ನಡಿ ಹಿಡಿದು ಒಂದೊಂದೇ ಬದಿ ನೋಡುತ್ತಾ ಹೋದೆ. ಟೆಕ್ಸ್‌ಚರ್ ಚಿಪ್ ಒಂದರ ಮೂಲೆಯಲ್ಲಿ ಎರಡು ಕಾಲು ಬಾಗಿ ಒಂದಕ್ಕೊಂದು ತಾಗಿಕೊಂಡಿದ್ದವು. ಇದು ನನ್ನದೇ ಕೆಲಸ. ಹೋದ ತಿಂಗಳು ಧೂಳು ಒರೆಸುವಾಗ ಕಾರ್ಡ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದೆ.

ಹೊಲಿಗೆ ಸೂಜಿ ತಗೊಂಡೆ. ಉಸಿರು ಬಿಗಿಹಿಡಿದು, ಕಾಲುಗಳ ನಡುವೆ ಸೂಜಿ ತೂರಿಸಿ ಕೂದಲೆಳೆಯಷ್ಟು ಈ ಕಡೆ, ಕೂದಲೆಳೆಯಷ್ಟು ಆ ಕಡೆ. ಜಾಸ್ತಿ ಒತ್ತಿದರೆ ಮುರಿಯುತ್ತದೆ, ಆಮೇಲೆ ಆ ಕಾರ್ಡ್ ಗೋಡೆಗೆ ನೇತುಹಾಕಲಷ್ಟೇ ಲಾಯಕ್ಕು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು.

ಹಳೆಯ ಕಾರ್ಡಿಗೆ ಜೊತೆ ಹುಡುಕಿ ಹೊಸದಕ್ಕೆ ಸಡ್ಡು ಹೊಡೆಯುವ ಈ ಚಟ ನನಗೆ ಆಮೇಲೂ ಬಿಡಲಿಲ್ಲ. 2012ರಲ್ಲಿ ಎಲ್ಲರೂ ಹೊಸ ಕಾರ್ಡ್ ಕೊಳ್ಳುವಾಗ ನಾನು ಎರಡು ವರ್ಷ ಹಳೆಯ ನನ್ನ ಕಾರ್ಡಿಗೆ ಅದೇ ಮಾಡೆಲ್‌ನ ಇನ್ನೊಂದನ್ನು ಸೆಕೆಂಡ್ ಹ್ಯಾಂಡ್ ತಂದು ಜೋಡಿಸಿದೆ. ಕಾಗದದ ಮೇಲೆ ಗೆದ್ದೆ. ಮೂಲೆಯಲ್ಲಿ 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ಅಂತ ತೋರಿಸುತ್ತಿತ್ತು. ಆದರೆ ಕ್ಯಾಮೆರಾ ತಿರುಗಿಸಿದರೆ ಏನೋ ಮುಗ್ಗರಿಸಿದ ಹಾಗೆ. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡಿದ್ದೆ.

ಕಾರಣ ಹಂಚಿಕೆಯಲ್ಲಿತ್ತು. ಆ ಹೊತ್ತಿಗೆ ಸಾಲು ಹಂಚುವ ಪದ್ಧತಿ ಹೋಗಿ ಫ್ರೇಮ್ ಹಂಚುವುದು ಬಂದಿತ್ತು. ಒಂದು ಇಡೀ ಚಿತ್ರ ನೀನು ಬಿಡಿಸು, ಮುಂದಿನದು ನಾನು. ಎಟಿಐ ಕಂಪನಿ ಇದನ್ನು ತನ್ನ ರೇಜ್ ಫ್ಯೂರಿ ಮ್ಯಾಕ್ಸ್ ಕಾರ್ಡಿನಲ್ಲಿ ಬಹಳ ಮೊದಲೇ ಮಾಡಿತ್ತು: ಎನ್‌ವಿಡಿಯಾದ ಜೀಫೋರ್ಸ್ 256ಕ್ಕೆ ಎದುರಾಗಿ, ಒಂದೇ ಬೋರ್ಡಿನ ಮೇಲೆ ಎರಡು ರೇಜ್ 128 ಪ್ರೊ ಚಿಪ್. ಇಬ್ಬರೂ ಸಮ ಅಂತರದಲ್ಲಿ ಚಿತ್ರ ಕೊಟ್ಟರೆ ಚೆನ್ನ. ಆದರೆ ಒಂದು ಚಿತ್ರ 8 ಮಿಲಿಸೆಕೆಂಡ್‌ಗೆ, ಮುಂದಿನದು 25ಕ್ಕೆ ಬಂತು ಅಂದುಕೊಳ್ಳಿ. ಸರಾಸರಿ ತೆಗೆದರೆ ಸೆಕೆಂಡಿಗೆ 60, ಕಣ್ಣಿಗೆ ಕಾಣುವುದು 40ರ ಹತ್ತಿರ. ಕೊನೆಗೆ ನಾನು ಫ್ರೇಮ್ ರೇಟಿಗೆ ಮಿತಿ ಹಾಕಿ ಆಡುತ್ತಿದ್ದೆ. ಎರಡು ಕಾರ್ಡ್ ಹಾಕಿ, ಆಮೇಲೆ ಅವಕ್ಕೆ ಲಗಾಮು!

ಹಾಗಾದರೆ ಸಾಲು ಹಂಚುವುದನ್ನೇ ಯಾಕೆ ಮುಂದುವರಿಸಲಿಲ್ಲ? ವೂಡೂ 2 ಕಾಲದಲ್ಲಿ ದೃಶ್ಯ ಕಟ್ಟುವ ತ್ರಿಕೋನಗಳು ಎಲ್ಲೆಲ್ಲಿ ಕೂರಬೇಕು ಅನ್ನುವ ಲೆಕ್ಕವನ್ನು ಸಿಪಿಯು ಮಾಡುತ್ತಿತ್ತು, ಕಾರ್ಡಿನ ಕೆಲಸ ಬಣ್ಣ ತುಂಬುವುದು. ಬಣ್ಣ ತುಂಬುವುದನ್ನು ಹಂಚಬಹುದು. ಆ ಲೆಕ್ಕ ಕಾರ್ಡಿಗೆ ಬಂದ ಮೇಲೆ, ಸಾಲು ಹಂಚಿದರೂ ಎರಡೂ ಚಿಪ್ ಇಡೀ ದೃಶ್ಯದ ಲೆಕ್ಕವನ್ನು ಬೇರೆ ಬೇರೆ ಮಾಡಲೇಬೇಕು. ತ್ರೀಡಿಎಫ್ಎಕ್ಸ್ 2000ದಲ್ಲಿ ವೂಡೂ 5 5500 ತಂದಾಗಲೂ ಎರಡು ವಿಎಸ್‌ಎ-100 ಚಿಪ್‌ಗಳೇ, ಆ ಲೆಕ್ಕ ಮಾಡುವ ಭಾಗ ಮಾತ್ರ ಇಲ್ಲ. ಎದುರಿಗಿದ್ದ ಜೀಫೋರ್ಸ್ 2 ಜಿಟಿಎಸ್ ಒಂದೇ ಚಿಪ್‌ನಲ್ಲಿ ಅದನ್ನೂ ಮಾಡುತ್ತಿತ್ತು. ನಾಲ್ಕು ಚಿಪ್‌ಗಳ ವೂಡೂ 5 6000, ಹೊರಗಿನಿಂದ ಬೇರೆ ಕರೆಂಟ್ ಅಡಾಪ್ಟರ್ ಬೇಡುತ್ತಿದ್ದ ಆ ರಾಕ್ಷಸ, ಅಂಗಡಿಗೆ ಬರಲೇ ಇಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ತನ್ನ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಲು ಒಪ್ಪಿಕೊಂಡಿತು. 2004ರಲ್ಲಿ ಎನ್‌ವಿಡಿಯಾ ಎಸ್‌ಎಲ್‌ಐ ಹೆಸರನ್ನು ಮತ್ತೆ ಎತ್ತಿಕೊಂಡಿತು. ಅಕ್ಷರ ಅವೇ, ಬಿಡಿಸಿದರೆ ಸ್ಕೇಲಬಲ್ ಲಿಂಕ್ ಇಂಟರ್‌ಫೇಸ್.

ಫ್ರೇಮ್ ಹಂಚಿಕೆಗೂ ಆಯುಸ್ಸು ಹೆಚ್ಚಿರಲಿಲ್ಲ. ಈಗಿನ ಆಟಗಳು ಅಂಚು ನಯ ಮಾಡಲು ಹಿಂದಿನ ಚಿತ್ರವನ್ನೇ ಕೇಳುತ್ತವೆ. ಅದು ಪಕ್ಕದ ಕಾರ್ಡಿನಲ್ಲಿ ಕೂತಿರುತ್ತದೆ. ಪ್ರತಿ ಸಲ ತರಿಸಿಕೊಳ್ಳುತ್ತಾ ಕೂತರೆ ಜೋಡಿಯ ಲಾಭವೆಲ್ಲ ಓಡಾಟಕ್ಕೇ ಸರಿಹೋಗುತ್ತದೆ.

ಆ ರಾತ್ರಿ ಕಾರ್ಡ್ ವಾಪಸ್ ಹಾಕಿ, ಕೇಬಲ್ ಸಿಕ್ಕಿಸಿ, ಸ್ವಿಚ್ ಒತ್ತಿದೆ. 1024x768. ಗೋಡೆ ಕಂದು ಬಣ್ಣಕ್ಕೆ ಬಂದಿತ್ತು. ಮತ್ತೆ ಮೂಗು ಗಾಜಿಗೆ ತಾಗಿಸಿ ಹುಡುಕಿದೆ. ಆಕಾಶದ ಒಂದು ಮೂಲೆಯಲ್ಲಿ ಮಾತ್ರ ಇನ್ನೂ ನಾಲ್ಕೈದು ನೇರಳೆ ಚುಕ್ಕಿ, ಸಾಲು ಬಿಟ್ಟು ಸಾಲು. ಸೂಜಿ ಇನ್ನೂ ಟೇಬಲ್ ಮೇಲೇ ಇತ್ತು. ಕುರ್ಚಿ ಹಿಂದಕ್ಕೆ ಸರಿಸಿದೆ, ಅಲ್ಲಿಂದ ಅವು ಕಾಣುತ್ತಿರಲಿಲ್ಲ. ಆಟ ಮುಂದುವರಿಸಿದೆ.