ಹೊಳೆಗೆ ಮುಖ ಮಾಡಿದ ಡಬ್ಲಿನ್

ನಮ್ಮ ದುರ್ಗದವರಿಗೆ ಕಲ್ಲಿನ ಗೋಡೆ ತೋರಿಸಿ ಬೆರಗು ಹುಟ್ಟಿಸುವುದು ಕಷ್ಟ. ಆದರೂ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ಲಿಫ್ಫಿ ಹೊಳೆಯ ದಂಡೆ ಬಗ್ಗೆ ಹೇಳಲೇಬೇಕು.

ಊರ ನಡುವೆ ಹೊಳೆ, ಎರಡೂ ಕಡೆ ಕಲ್ಲಿನ ಗೋಡೆ. ಬಂದವರೆಲ್ಲ 1816ರ ಹಾಪೆನ್ನಿ ಸೇತುವೆ ಮೇಲೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಗೋಡೆ ನೋಡಬೇಕಾದರೆ ಇಳಿತದ ಹೊತ್ತಿಗೆ ಹೋಗಬೇಕು. ಸಮುದ್ರ ಹತ್ತಿರ ಇರುವುದರಿಂದ ಹೊಳೆ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಇಳಿದಾಗ ಪಾಚಿ ಹಿಡಿದ ಕಲ್ಲು, ಕಬ್ಬಿಣದ ಏಣಿ ಎಲ್ಲ ಕಾಣುತ್ತವೆ. ವಾಸನೆಯೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ?

ನನಗೆ ಜಾಸ್ತಿ ಹಿಡಿಸಿದ್ದು ಮನೆಗಳ ಮುಖ. 17ನೇ ಶತಮಾನದಲ್ಲಿ ಜರ್ವಿಸ್ ಎಂಬ ವ್ಯಾಪಾರಿ ಉತ್ತರ ದಂಡೆಯಲ್ಲಿ ಬಡಾವಣೆ ಮಾಡಿದಾಗ, ಹೊಳೆ ಪಕ್ಕ ರಸ್ತೆ ಬಿಟ್ಟು ಮನೆಗಳನ್ನು ನೀರಿನ ಕಡೆ ತಿರುಗಿಸು ಎಂದು ಹೇಳಿದವನು ಐರ್ಲೆಂಡಿನ ಆಗಿನ ವೈಸ್‌ರಾಯ್ ಆರ್ಮಂಡ್ ಡ್ಯೂಕ್ ಅಂತೆ. ಅದೇ ಈಗಿನ ಆರ್ಮಂಡ್ ಕ್ವೇ (ಕ್ವೇ ಅಂದರೆ ಗೋಡೆ ಕಟ್ಟಿದ ದಂಡೆ). ನಮ್ಮ ಕಡೆ ಹೊಳೆಗೆ, ಕೆರೆಗೆ ಹಿತ್ತಲು ಮಾಡಿಕೊಂಡ ಊರು ಎಷ್ಟಿಲ್ಲ? ಮುಂದೆ ವಾಸ್ತುಶಿಲ್ಪಿ ಜೇಮ್ಸ್ ಗ್ಯಾಂಡನ್ ಕಟ್ಟಿದ ಸುಂಕದ ಕಚೇರಿ ಕಸ್ಟಮ್ ಹೌಸ್, ನ್ಯಾಯಾಲಯ ಫೋರ್ ಕೋರ್ಟ್ಸ್ ಕೂಡ ಹೊಳೆಯನ್ನೇ ನೋಡುತ್ತಿವೆ. ಕಸ್ಟಮ್ ಹೌಸ್ 1921ರಲ್ಲಿ ಸುಟ್ಟಿತು. ರಿಪೇರಿಗೆ ಬೇರೆ ಕಲ್ಲು ಬಳಸಿದ್ದರಿಂದ ಗುಮ್ಮಟದ ಭಾಗ ಇವತ್ತಿಗೂ ಕಪ್ಪಗಿದೆ.

ಸಮುದ್ರದ ಕಡೆ ನಡೆದರೆ ದಂಡೆಯ ಕಥೆಯೇ ಬೇರೆ. 19ನೇ ಶತಮಾನದಲ್ಲಿ ಬಂದರಿನ ಎಂಜಿನಿಯರ್ ಬಿಂಡನ್ ಸ್ಟೋನಿ 350 ಟನ್ ತೂಕದ ಕಾಂಕ್ರೀಟ್ ದಿಮ್ಮಿಗಳನ್ನು ದಡದಲ್ಲೇ ಮಾಡಿಸಿ ನೀರಿಗೆ ಇಳಿಸಿದ. ಅವು ಕೂರಲು ಹೊಳೆಯ ತಳ ಸಮ ಇರಬೇಕಲ್ವಾ? ಅದಕ್ಕೆ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ಹೊಳೆಗೆ ಇಳಿಸುತ್ತಿದ್ದರು. ಆ ಪೆಟ್ಟಿಗೆಗೆ ತಳವೇ ಇಲ್ಲ. ಮೇಲಿಂದ ಗಾಳಿ ತುಂಬುತ್ತಿದ್ದರು, ಆ ಒತ್ತಡಕ್ಕೆ ನೀರು ಒಳಗೆ ನುಗ್ಗುತ್ತಿರಲಿಲ್ಲ. ಕೆಲಸಗಾರರು ಅದರೊಳಗೆ ನಿಂತು ಹೊಳೆಯ ತಳವನ್ನೇ ಅಗೆಯುತ್ತಿದ್ದರು. ಸರ್ ಜಾನ್ ರಾಜರ್ಸನ್ ಕ್ವೇ ಮೇಲೆ ಆ ಪೆಟ್ಟಿಗೆ ಈಗಲೂ ಇದೆ. ಅದರ ಕೆಳಗೆ ನಡೆದು ನೋಡಬಹುದು.

ಅಲ್ಲಿಂದಲೇ ದುರ್ಗದ ಸೋದರಮಾವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

"ಅಲ್ಲಪ್ಪಾ, ನಮ್ಮ ಕೋಟೆ ಗಾರೆ ಇಲ್ಲದೆ ನಿಂತಿಲ್ವಾ? ಇದಕ್ಕೇನು ಇಷ್ಟು ಸರ್ಕಸ್ಸು?" ಅಂದರು.

"ಮಾವ, ಕೋಟೆಗೆ ದಿನಾ ಎರಡು ಸಲ ಸಮುದ್ರ ಬಂದು ಗುದ್ದಲ್ಲ" ಅಂದೆ.

"ಅದೂ ಸರಿ. ಆ ಪೆಟ್ಟಿಗೆ ಇನ್ನೊಂದು ಸಲ ತೋರಿಸು. ಒಳಗೆ ಇಳಿದವರಿಗೆ ಕೂಲಿ ಎಷ್ಟು ಕೊಡ್ತಿದ್ರಂತೆ?"